ಗೋಮಾಳದ ಕಳೆನಾಶಕ ಮತ್ತು ಮಳೆಗುಂಡಿಯ ಗೊದಮೊಟ್ಟೆ: ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ದೂರ?

ಬಯಲುಸೀಮೆ ದನಗಾಹಿ

ಗೊತ್ತಿದ್ದವರು ಬಿಡಿಸಿ ಹೇಳಬೇಕು. ಹನ್ನೆರಡು ಎಕರೆ ಗೋಮಾಳ. ಅರ್ಧಕ್ಕಿಂತ ಹೆಚ್ಚು ಪಾರ್ಥೇನಿಯಂ, ಅಂಚಿನುದ್ದಕ್ಕೂ ಲಂಟಾನ. ಮೊದಲ ದೊಡ್ಡ ಮಳೆ ಬಿದ್ದ ವಾರದಲ್ಲೇ ತಗ್ಗುಗಳಲ್ಲಿ ನೀರು ನಿಂತು ಗೊದಮೊಟ್ಟೆ ತುಂಬಿಕೊಳ್ಳುತ್ತವೆ. ಅದೇ ಹೊತ್ತಿಗೆ ಪಾರ್ಥೇನಿಯಂ ಮೊಳೆತು, ಔಷಧಿ ಹೊಡೆಸೋಣ ಅನ್ನೋ ಮಾತು ಏಳುತ್ತೆ.

ಅಂಗಡಿಯಲ್ಲಿ ಗ್ಲೈಫೊಸೇಟ್ 41 ಎಸ್‌ಎಲ್ (ನೂರಕ್ಕೆ 41 ಪಾಲಿನ ದ್ರವ) ಇಲ್ಲವೇ 2,4-ಡಿ ಕಳೆನಾಶಕ ಕೊಡ್ತೀವಿ ಅಂತಾರೆ. ಡಬ್ಬದ ಮೇಲೆ ಕೆಂಪು ತ್ರಿಕೋನ ಇಲ್ಲ, ಹಾಗಾಗಿ ನೀರಿನ ಜೀವಿಗೆ ಏನೂ ಆಗಲ್ಲ ಅಂತಲೂ ಹೇಳ್ತಾರೆ. ಇದು ನಿಜವೇ? ಹೊಡೆಯಲೇಬೇಕಾದರೆ ಯಾವುದು, ಯಾವಾಗ, ಗುಂಡಿಯಿಂದ ಎಷ್ಟು ದೂರ?

ಜಲಜೀವಿ

ತ್ರಿಕೋನದ ವಿಷಯ ಮೊದಲು, ಏಕೆಂದರೆ ತಪ್ಪು ಶುರುವಾಗೋದೇ ಅಲ್ಲಿಂದ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳನ್ನು ನಿರ್ಧರಿಸುವುದು ಇಲಿಗಳ ಮೇಲಿನ ಪರೀಕ್ಷೆಯಿಂದ. ಒಂದು ಕಿಲೋ ದೇಹತೂಕಕ್ಕೆ ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋದರೆ ಅರ್ಧದಷ್ಟು ಇಲಿ ಸಾಯುತ್ತವೆ ಎಂಬ ಲೆಕ್ಕ ಅದು. 1–50 ಕೆಂಪು, 51–500 ಹಳದಿ, 501–5000 ನೀಲಿ, ಅದಕ್ಕೂ ಮೇಲೆ ಹಸಿರು. ಕಿವಿರಿನಿಂದ ಉಸಿರಾಡುವ ಜೀವಿಯ ಬಗ್ಗೆ ಆ ಬಣ್ಣ ಒಂದಕ್ಷರವನ್ನೂ ಹೇಳುವುದಿಲ್ಲ.

ಇನ್ನು ಗ್ಲೈಫೊಸೇಟ್. ಡಬ್ಬದಲ್ಲಿರೋದು ಗ್ಲೈಫೊಸೇಟ್ ಒಂದೇ ಅಲ್ಲ. ಎಲೆಯ ಮೇಣದ ಪದರದ ಮೇಲೆ ಹನಿ ಹರಡಿ ಒಳಗಿಳಿಯಲಿ ಅಂತ ಸಾಬೂನಿನಂಥ ಒಂದು ವಸ್ತು ಸೇರಿಸಿರುತ್ತಾರೆ. ರೌಂಡಪ್‌ನ ಹಳೆಯ ಸೂತ್ರದಲ್ಲಿ ಅದು ಪಿಒಇಎ, ದನದ ಕೊಬ್ಬಿನಿಂದ ತಯಾರಾಗುವ ಅಮೈನ್. ಡಬ್ಬದಲ್ಲಿ ಸುಮಾರು ನೂರಕ್ಕೆ 15 ಪಾಲು. ಗೊದಮೊಟ್ಟೆಯನ್ನು ಕೊಲ್ಲುವುದರಲ್ಲಿ ದೊಡ್ಡ ಪಾಲು ಇದರದ್ದೇ. ಕಿವಿರಿನ ತೆಳು ಪೊರೆಯ ಕೋಶಗಳನ್ನು ಒಡೆಯುತ್ತದೆ, ಪ್ರಾಣಿ ಉಸಿರು ಕಟ್ಟಿ, ಮೈಯ ಲವಣದ ಸಮತೋಲ ಕಳೆದುಕೊಂಡು ಸಾಯುತ್ತದೆ.

ಇದನ್ನು ಬಿಡಿಸಿ ತೋರಿಸಿದ್ದು ಪಶ್ಚಿಮ ಆಸ್ಟ್ರೇಲಿಯಾದ ನಾಲ್ಕು ಜಾತಿ ಕಪ್ಪೆಗಳ ಮೇಲೆ ಮ್ಯಾನ್ ಮತ್ತು ಬಿಡ್‌ವೆಲ್ 1999ರಲ್ಲಿ ಪ್ರಕಟಿಸಿದ ಅಧ್ಯಯನ. 48 ಗಂಟೆಯಲ್ಲಿ ಅರ್ಧದಷ್ಟು ಗೊದಮೊಟ್ಟೆಗಳನ್ನು ಕೊಲ್ಲುವ ಸಾಂದ್ರತೆ, ಅಂದರೆ ಎಲ್‌ಸಿ-50, ರೌಂಡಪ್‌ಗೆ ಲೀಟರಿಗೆ 2.9ರಿಂದ 11.6 ಮಿಲಿಗ್ರಾಂ, ಗ್ಲೈಫೊಸೇಟ್ ಆಮ್ಲದ ಲೆಕ್ಕದಲ್ಲಿ (ಡಬ್ಬದಲ್ಲಿರುವುದು ಅದರ ಲವಣ; ಲವಣದ ಭಾಗ ಬಿಟ್ಟು ಬರೀ ಗ್ಲೈಫೊಸೇಟಿನ ತೂಕ). ಸಾಬೂನಿನಂಶ ಇಲ್ಲದ ಬರೀ ಗ್ಲೈಫೊಸೇಟ್ ಲವಣಕ್ಕೆ 343 ದಾಟಿದರೂ ಸಾವಿಲ್ಲ. ಬೇರೆ ಸಾಬೂನಿನಂಶ ಹಾಕಿದ ಬಯಾಕ್ಟಿವ್ ಎಂಬ ಸೂತ್ರವೂ 300ಕ್ಕಿಂತ ಮೇಲಿತ್ತು. ಒಂದೇ ಗ್ಲೈಫೊಸೇಟ್, ವಿಷದಲ್ಲಿ ಮೂವತ್ತರಿಂದ ನೂರು ಪಟ್ಟು ಅಂತರ. ಯುರೋಪಿಯನ್ ಒಕ್ಕೂಟ 2016ರಲ್ಲಿ ಗ್ಲೈಫೊಸೇಟ್ ಜೊತೆ ಪಿಒಇಎ ಬಳಸುವುದನ್ನು ನಿಲ್ಲಿಸಿತು. ನಮ್ಮಲ್ಲಿ ಡಬ್ಬದ ಚೀಟಿಯಲ್ಲಿ ಸಾಬೂನಿನಂಶದ ಹೆಸರೇ ಇರುವುದಿಲ್ಲ. ಹಾಗಾಗಿ ಪಿಒಇಎ ಇದೆ ಎಂದುಕೊಂಡೇ ನಡೆಯುವುದು ಕ್ಷೇಮ.

ಕಳೆಶಾಸ್ತ್ರ ಧಾರವಾಡ

ಜಲಜೀವಿಯವರ ಅಂಕಿ ಸರಿ, ಆದರೆ ಅದು ಪ್ರಯೋಗಾಲಯದ ತಿಳಿನೀರಿನದು. ಹೊಲದ ಲೆಕ್ಕ ಹಾಕದೆ ಹೆದರಿಸೋದೂ ತಪ್ಪು, ಧೈರ್ಯ ಹೇಳೋದೂ ತಪ್ಪು. ಲೆಕ್ಕ ಹೀಗೆ ಮಾಡ್ರಿ.

ಹೆಕ್ಟೇರಿಗೆ 1 ಕಿಲೋ ಅಂದರೆ ಚದರ ಮೀಟರಿಗೆ 100 ಮಿಲಿಗ್ರಾಂ. 10 ಸೆಂಟಿಮೀಟರ್ ಆಳದ ನೀರಿನಲ್ಲಿ ಚದರ ಮೀಟರಿಗೆ 100 ಲೀಟರ್ ಇರ್ತದ. ಅಂದರೆ ನೇರ ನೀರಿನ ಮೇಲೇ ಬಿದ್ದರೆ ಲೀಟರಿಗೆ 1 ಮಿಲಿಗ್ರಾಂ. ಇದನ್ನು ನೆನಪಿಟ್ಟುಕೊಂಡರೆ ಯಾವ ಕಳೆನಾಶಕಕ್ಕೂ ಲೆಕ್ಕ ಹಾಕಬಹುದು.

ಗ್ಲೈಫೊಸೇಟ್ 41 ಎಸ್‌ಎಲ್‌ನ ಒಂದು ಲೀಟರಿನಲ್ಲಿ ಆಮ್ಲದ ಲೆಕ್ಕದಲ್ಲಿ ಸುಮಾರು 360 ಗ್ರಾಂ. ಲೀಟರ್ ನೀರಿಗೆ 10 ಮಿಲಿಯಂತೆ, ಎಕರೆಗೆ 200 ಲೀಟರ್ ದ್ರಾವಣ ಹೊಡೆದರೆ 2 ಲೀಟರ್ ಔಷಧಿ, ಅಂದರೆ 720 ಗ್ರಾಂ. ಎಕರೆ 4047 ಚದರ ಮೀಟರ್. ಚದರ ಮೀಟರಿಗೆ 178 ಮಿಲಿಗ್ರಾಂ ಆಯ್ತು. 5 ಸೆಂ.ಮೀ. ಆಳದ ಗುಂಡಿಗೆ ನೇರ ಬಿದ್ದರೆ ಲೀಟರಿಗೆ 3.6, 15 ಸೆಂ.ಮೀ. ಇದ್ದರೆ 1.2, ಮೊಣಕಾಲುದ್ದದ ಕಟ್ಟೆಯಲ್ಲಿ 0.4ರ ಸುತ್ತ. ಅಂದರೆ ದೊಡ್ಡ ಕೆರೆಗೆ ಆತಂಕ ಕಡಿಮೆ, ದನದ ಗೊರಸು ತುಳಿದು ಆದ ತಗ್ಗಿಗೆ ಆತಂಕ ಜಾಸ್ತಿ.

ಇನ್ನೊಂದು, ಗ್ಲೈಫೊಸೇಟ್ ಆಗಲಿ ಪಿಒಇಎ ಆಗಲಿ ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳತಾವ. ಕೆಸರು ನೀರಿನಲ್ಲಿ ಅವು ಬೇಗ ತಳ ಸೇರತಾವ, ಗಾಜಿನ ತೊಟ್ಟಿಯಲ್ಲಿ ಹಾಗಾಗೂದಿಲ್ಲ.

ಮಳೆಗುಂಡಿ

ಮಣ್ಣು ಕಾಪಾಡುತ್ತೆ ಅನ್ನೋದನ್ನ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದ ರಿಕ್ ರಿಲೇಯಾ ನೇರವಾಗೇ ಪರೀಕ್ಷಿಸಿದ್ದಾರೆ. 2005ರ ಪ್ರಯೋಗ. ಹೊರಾಂಗಣದ ದೊಡ್ಡ ತೊಟ್ಟಿಗಳು, ಕೆಲವಕ್ಕೆ ಮಣ್ಣು, ಕೆಲವಕ್ಕೆ ಇಲ್ಲ. ಹಾಕಿದ್ದು ರೌಂಡಪ್, ಗ್ಲೈಫೊಸೇಟ್ ಲೀಟರಿಗೆ 3.8 ಮಿಲಿಗ್ರಾಂ. ಮೂರು ವಾರದಲ್ಲಿ ಮೂರು ಜಾತಿಯ ಗೊದಮೊಟ್ಟೆಗಳಲ್ಲಿ ನೂರಕ್ಕೆ 96ರಿಂದ 100 ಸತ್ತವು, ಮಣ್ಣಿದ್ದರೂ ಇಲ್ಲದಿದ್ದರೂ. ಅದೇ ಕೆಲಸದಲ್ಲಿ ಬಾಲ ಕಳೆದುಕೊಂಡು ನೆಲಕ್ಕೆ ಬಂದ ಮರಿಗಪ್ಪೆಗಳ ಮೇಲೆ ಸಿಂಪಡಿಸಿದಾಗ ಒಂದೇ ದಿನದಲ್ಲಿ 68ರಿಂದ 86 ಪ್ರತಿಶತ ಸಾವು.

ಹಾಗಾಗಿ ಕೆಸರನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಮಣ್ಣಿಗೆ ಅಂಟಿಕೊಳ್ಳಲು ಹೊತ್ತು ಬೇಕು. ಸಣ್ಣ ಗೊದಮೊಟ್ಟೆಗೆ ಮೊದಲ ಒಂದೆರಡು ದಿನವೇ ಸಾಕು.

ಕಳೆಶಾಸ್ತ್ರ ಧಾರವಾಡ

ಒಪ್ಪತೀನಿ, ಆದರೆ ಎರಡು ತಿದ್ದುಪಡಿ. ಆ 3.8 ಅನ್ನೋದನ್ನು ಲವಣದ ಲೆಕ್ಕ ಅಂತ ಹಿಡಿದರೆ ಆಮ್ಲಕ್ಕೆ ಇಳಿಸಿದಾಗ ಸುಮಾರು 2.8. ಸಂಶೋಧನಾ ಪತ್ರಿಕೆಗಳಲ್ಲಿ ಒಬ್ಬರು ಡಬ್ಬದ ದ್ರವದ ಲೆಕ್ಕ, ಒಬ್ಬರು ಲವಣದ ಲೆಕ್ಕ, ಇನ್ನೊಬ್ಬರು ಆಮ್ಲದ ಲೆಕ್ಕ ಕೊಡತಾರ. ಹೋಲಿಸೋ ಮುಂಚೆ ಒಂದೇ ಅಳತೆಗೆ ತರಬೇಕು. ಇಲ್ಲಾಂದರೆ ಮೂರು ಪಟ್ಟು ತಪ್ಪಾಗತದ. ಮ್ಯಾನ್-ಬಿಡ್‌ವೆಲ್ ಅವರ 2.9 ಅನ್ನೋದು ಡಬ್ಬದ ದ್ರವದ ಲೆಕ್ಕದಲ್ಲಿ 8.1.

ಎರಡನೇದು, ಅದು ನೀರಿನ ಮೇಲೇ ಸುರಿದ ಪರಿಸ್ಥಿತಿ. ಸರಿಯಾಗಿ ಸಿಂಪಡಿಸಿದಾಗ ಗುಂಡಿಗೆ ತೇಲಿ ಬೀಳೋದು ಅದರ ಸಣ್ಣ ಭಾಗ. ನನ್ನ ಮಟ್ಟಿಗೆ ಇಲ್ಲಿ ನಿಜವಾದ ಅಪಾಯ ಸಿಂಪಡಣೆಯದಲ್ಲ.

ಮಳೆಗುಂಡಿ

ಅದೇ ಮಾತಿಗೆ ಬರ್ತಿದ್ದೆ. ಅಪಾಯ ಪಂಪು ತೊಳೆಯೋದರಲ್ಲಿದೆ. ಗೋಮಾಳದಲ್ಲಿ ನಲ್ಲಿ ಇರಲ್ಲ, ಕೆಲಸ ಮುಗಿದ ಮೇಲೆ ಹತ್ತಿರದ ನೀರಿಗೇ ಹೋಗಿ ಪಂಪು ಜಾಲಿಸಿ ಚೆಲ್ತಾರೆ. ಲೆಕ್ಕ ನೋಡಿ: 15 ಲೀಟರ್ ಪಂಪಿಗೆ 100 ಮಿಲಿ ಹಾಕಿದರೆ ಲೀಟರಿಗೆ 2.4 ಗ್ರಾಂ. ತಳದಲ್ಲಿ ಉಳಿಯೋ ಅರ್ಧ ಲೀಟರಿನಲ್ಲಿ 1.2 ಗ್ರಾಂ. 2 ಮೀಟರ್ ಉದ್ದ, 1 ಮೀಟರ್ ಅಗಲ, 15 ಸೆಂ.ಮೀ. ಆಳದ ಗುಂಡಿ ಅಂದರೆ 300 ಲೀಟರ್. ಅರ್ಧ ಲೀಟರ್ ಚೆಲ್ಲಿದ ಕೂಡಲೇ ಅಲ್ಲಿ ಲೀಟರಿಗೆ 4 ಮಿಲಿಗ್ರಾಂ. ಆ ಗುಂಡಿ ಮುಗೀತು.

ಔಷಧಿ ಅಳೆದ ಮುಚ್ಚಳವನ್ನ ಗುಂಡಿಯಲ್ಲಿ ಅದ್ದಿ ತೊಳೆಯೋದು ಇದಕ್ಕಿಂತ ಕೆಟ್ಟದ್ದು. ಮುಚ್ಚಳದಿಂದ 25 ಮಿಲಿ ಜಾರಿ ಬಿದ್ದರೆ 9 ಗ್ರಾಂ. ಎರಡು ಸಾವಿರ ಲೀಟರ್ ನೀರನ್ನ ಕೊಲ್ಲೋ ಮಟ್ಟಕ್ಕೆ ತರಲು ಅಷ್ಟು ಸಾಕು.

ಸರಿಯಾದ ಕ್ರಮ: ತೊಳೆಯೋ ನೀರನ್ನ ಬೇರೆ ಕ್ಯಾನಿನಲ್ಲಿ ಮನೆಯಿಂದಲೇ ಒಯ್ಯಬೇಕು, ಪಂಪಿಗೆ 13–14 ಲೀಟರಿನಂತೆ. ಉಳಿದ ಅರ್ಧ ಲೀಟರಿಗೆ ನಾಲ್ಕೂವರೆ ಲೀಟರ್ ಹಾಕಿ, ಕುಲುಕಿ, ಆಗಲೇ ಹೊಡೆದ ಕಳೆಯ ಮೇಲೇ ಅದನ್ನ ಸಿಂಪಡಿಸಿ ಖಾಲಿ ಮಾಡಬೇಕು. ಪ್ರತಿ ಸಲಕ್ಕೂ ಹತ್ತರಲ್ಲಿ ಒಂದಂಶಕ್ಕೆ ಇಳಿಯುತ್ತೆ. ಮೂರು ಸಲಕ್ಕೆ 1.2 ಗ್ರಾಂ ಇದ್ದದ್ದು 1.2 ಮಿಲಿಗ್ರಾಂ ಆಗುತ್ತೆ. ಒಂದೇ ಸಲ ಹದಿನಾಲ್ಕು ಲೀಟರ್ ಸುರಿದು ತೊಳೆದರೆ ಮೂವತ್ತರಲ್ಲಿ ಒಂದಂಶಕ್ಕೆ ಮಾತ್ರ ಇಳಿಯೋದು. ನೀರು ಅಷ್ಟೇ, ಫಲ ಬೇರೆ.

ತೀರ್ಥಹಳ್ಳಿ ತೋಟ

ಗ್ಲೈಫೊಸೇಟ್ ಬೇಡ ಅಂದ್ರೆ 2,4-ಡಿ ಆಗ್ತದಾ? ಹುಲ್ಲು ಉಳೀತದೆ, ಅಗಲ ಎಲೆಯದು ಮಾತ್ರ ಸಾಯ್ತದೆ. ಗೋಮಾಳಕ್ಕೆ, ಬ್ಯಾಣಕ್ಕೆ ಅದೇ ಸರಿ ಅಲ್ವಾ?

ಇನ್ನೊಂದು ಗಮನಿಸಬೇಕು. ನಮ್ಮ ಕಡೆ ಗ್ಲೈಫೊಸೇಟ್ ಜೊತೆ ಬಟ್ಟೆ ಸೋಪಿನ ಪುಡಿ, ಕಲ್ಲುಪ್ಪು, ಯೂರಿಯಾ ಎಲ್ಲ ಸೇರಿಸಿ ಹೊಡೆಯೋ ರೂಢಿ ಉಂಟು. ಸೋಪಿನ ಪುಡಿ ಹಾಕಿದ್ರೆ ಗೊದಮೊಟ್ಟೆಗೆ ಇನ್ನೂ ಕಷ್ಟವೇ ಅಲ್ವಾ?

ಜಲಜೀವಿ

ಹೌದು. ಸೋಪಿನ ಪುಡಿ ಕೂಡ ಕಿವಿರಿನ ಮೇಲೆ ಕೆಲಸ ಮಾಡುವ ಅದೇ ಜಾತಿಯ ವಸ್ತು. ಡಬ್ಬದಲ್ಲಿ ಈಗಾಗಲೇ ಇರುವುದರ ಮೇಲೆ ಇನ್ನಷ್ಟು ಸೇರಿಸಿದ ಹಾಗೆ. ಗ್ಲೈಫೊಸೇಟ್ ಹಿಡಿಯದಿರಲು ನಿಜವಾದ ಕಾರಣ ಬಹುತೇಕ ನೀರು: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಕಟ್ಟಿಹಾಕುತ್ತವೆ, ಕೆಸರು ನೀರಿನ ಜೇಡಿಯೂ ಹಾಗೇ. ಹೊಂಡದ ರಾಡಿ ನೀರಲ್ಲಿ ಕಲಸಿ, ಕಳೆ ಸಾಯಲಿಲ್ಲ ಅಂತ ಮುಂದಿನ ಸಲ ಪ್ರಮಾಣ ಎರಡರಷ್ಟು ಮಾಡುತ್ತಾರೆ. ಮಳೆನೀರು ಅಥವಾ ತಿಳಿ ನೀರು ಬಳಸಿ. ಬೋರ್‌ವೆಲ್ ನೀರೇ ಗತಿಯಾದರೆ ಅಮೋನಿಯಂ ಸಲ್ಫೇಟ್ ಲೀಟರಿಗೆ 20 ಗ್ರಾಂ ಮೊದಲು ಕರಗಿಸಿ, ಆಮೇಲೆ ಔಷಧಿ ಹಾಕಿ. ಸೋಪು ಬೇಕಿಲ್ಲ.

2,4-ಡಿ ವಿಷಯದಲ್ಲಿ ಯಾವ ರೂಪ ಅನ್ನೋದೇ ಮುಖ್ಯ. ನಮ್ಮ ಮಾರುಕಟ್ಟೆಯಲ್ಲಿ ಅಮೈನ್ ಲವಣ 58 ಎಸ್‌ಎಲ್, ಸೋಡಿಯಂ ಲವಣ 80 ಡಬ್ಲ್ಯುಪಿ, ಈಥೈಲ್ ಎಸ್ಟರ್ 38 ಇಸಿ ಸಿಗುತ್ತವೆ. ಎಸ್‌ಎಲ್ ಅಂದರೆ ನೀರಲ್ಲಿ ಕರಗುವ ದ್ರವ, ಡಬ್ಲ್ಯುಪಿ ಪುಡಿ, ಇಸಿ ಎಣ್ಣೆಯಂಥ ದ್ರವ. ಎಸ್ಟರ್ ಎಣ್ಣೆಯಲ್ಲಿ ಕರಗುವಂಥದ್ದು, ಕಿವಿರಿನ ಪೊರೆಯನ್ನು ಸಲೀಸಾಗಿ ದಾಟಿ ಮೈಯೊಳಗೆ ಸೇರುತ್ತದೆ. ಜೊತೆಗೆ ಇಸಿಯಲ್ಲಿ ದ್ರಾವಕ ಎಣ್ಣೆಯೂ ಇರುತ್ತದೆ. ಮೀನು, ಗೊದಮೊಟ್ಟೆಗಳಿಗೆ ಎಸ್ಟರ್ ರೂಪ ಲವಣಕ್ಕಿಂತ ಹಲವು ಪಟ್ಟು ವಿಷ. ಹೊರದೇಶಗಳ ಹುಲ್ಲುಗಾವಲಿನಲ್ಲಿ ಪೊದೆಗೆ ಹೊಡೆಯುವ ಟ್ರೈಕ್ಲೋಪಿರ್ ಕೂಡ ಹಾಗೆಯೇ. ಅದರ ಬ್ಯುಟಾಕ್ಸಿಈಥೈಲ್ ಎಸ್ಟರ್ ಕೆನಡಾದ ಪ್ರಯೋಗಗಳಲ್ಲಿ ಲೀಟರಿಗೆ 2.4 ಮಿಲಿಗ್ರಾಮಿನಲ್ಲೇ, ಆಗತಾನೇ ಮೊಟ್ಟೆಯಿಂದ ಹೊರಬಂದ ಗೊದಮೊಟ್ಟೆಗಳನ್ನು ಮುಟ್ಟಿದರೂ ಅಲ್ಲಾಡದ ಸ್ಥಿತಿಗೆ ತಂದಿತು ಅಥವಾ ಕೊಂದಿತು.

ಗುರುತು ಸುಲಭ: ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾದರೆ ಅದು ಇಸಿ. ಅಂಥದ್ದನ್ನು ಗುಂಡಿಯ ಆಸುಪಾಸು ತರಲೇಬಾರದು.

ಕಳೆಶಾಸ್ತ್ರ ಧಾರವಾಡ

ಎಸ್ಟರ್ ಬಗ್ಗೆ ಇನ್ನೊಂದು. ಅದು ಆವಿಯಾಗಿ ತೇಲಿ ಹೋಗತದ. ಪಕ್ಕದಲ್ಲಿ ಹತ್ತಿ, ದ್ರಾಕ್ಷಿ, ಟೊಮೆಟೊ ಇದ್ದರೆ ಎಲೆ ಮುದುಡಿ ಹಗ್ಗದಂತಾಗ್ತಾವ. ಗೋಮಾಳದ ಸುತ್ತ ಅವು ಇರೋದೇ ಜಾಸ್ತಿ. ಹಾಗಾಗಿ ಬಿಸಿಲಿನ ದಿನ ಎಸ್ಟರ್ ಯಾವ ಲೆಕ್ಕಕ್ಕೂ ಬೇಡ.

ಕಾನೂನಿನ ಮಾತೂ ತಿಳಿದಿರಲಿ. 2022ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆ ಗ್ಲೈಫೊಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕು ಅಂತದ. ಪಂಚಾಯಿತಿ ಹೊಡೆಸೋದಾದರೆ ಕರಾರಿನಲ್ಲೇ ಪಂಪು ಎಲ್ಲಿ ತುಂಬಬೇಕು, ಎಲ್ಲಿ ತೊಳೆಯಬೇಕು, ಖಾಲಿ ಡಬ್ಬ ಯಾರು ಒಯ್ಯಬೇಕು ಬರೆಸ್ರಿ. ಬಾಯಿಮಾತು ಸಾಲದು.

ಮಳೆಗುಂಡಿ

ಈಗ ಕಾಲದ ಪ್ರಶ್ನೆ. ಗೊದಮೊಟ್ಟೆ ಯಾವ ಹಂತದಲ್ಲಿದೆ ಅನ್ನೋದರ ಮೇಲೆ ಸಾವು-ಬದುಕು ನಿಂತಿದೆ. ಲೋಳೆಯೊಳಗಿನ ಮೊಟ್ಟೆ ಸ್ವಲ್ಪ ತಡೆಯುತ್ತೆ. ಹೊರಬಂದು ಕಿವಿರಿನಲ್ಲೇ ಉಸಿರಾಡುತ್ತಾ ಮೇಯಲು ಶುರುಮಾಡಿದ ಸಣ್ಣ ಗೊದಮೊಟ್ಟೆಯೇ ಎಲ್ಲಕ್ಕಿಂತ ಸೂಕ್ಷ್ಮ. ನೆಲಗಪ್ಪೆಯ ಮರಿಗಳಿಗೆ ಬಾಲ ಕರಗುವ ಹೊತ್ತಿನವರೆಗೂ ಕೆಲಸಕ್ಕೆ ಬರುವ ಶ್ವಾಸಕೋಶ ಇರೋದಿಲ್ಲ. ಕಿವಿರು ಹೋದರೆ ಬೇರೆ ದಾರಿಯಿಲ್ಲ.

ಗುಂಡಿಯಲ್ಲಿ ಏನಿದೆ ಅಂತ ಮೊದಲು ನೋಡಿ. ಕರಿಮಣಿ ಸರದ ಹಾಗೆ ಜೋಡಿ ಎಳೆ ಹುಲ್ಲಿಗೆ ಸುತ್ತಿಕೊಂಡಿದ್ದರೆ ನೆಲಗಪ್ಪೆ ಮೊಟ್ಟೆ. ನೀರಿನ ಮೇಲ್ಮೈಯಲ್ಲಿ ತೆಳು ಹಾಳೆಯ ಹಾಗೆ ಹರಡಿದ್ದರೆ ಚಿಕ್ಕ ಬಾಯಿಯ ಮೈಕ್ರೋಹೈಲಾ ಕಪ್ಪೆಯದು ಇದ್ದೀತು. ಅದರ ಗೊದಮೊಟ್ಟೆ ಗಾಜಿನಂತೆ ಪಾರದರ್ಶಕ, ನೀರಿನ ನಡುವೆ ತೇಲುತ್ತಾ ಸೂಕ್ಷ್ಮ ಪಾಚಿ ಸೋಸಿ ತಿನ್ನುತ್ತೆ. ಗುಂಡಿಯ ಮೇಲೆ ಬಾಗಿದ ಗಿಡದಲ್ಲಿ ಬಿಳಿ ನೊರೆಯ ಮುದ್ದೆ ಕಂಡರೆ ಅದು ಮರಗಪ್ಪೆಯ ಗೂಡು. ಮರಿಗಳು ಕೆಳಗಿನ ನೀರಿಗೇ ಉದುರುತ್ತವೆ. ಆ ಗಿಡ ಕಳೆಯೇ ಆಗಿದ್ದರೂ ಮುಟ್ಟಬಾರದು.

ಮಲೆನಾಡಿನವರಿಗೆ ಇನ್ನೊಂದು ಸಂಗತಿ. ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರ ಮರಿಗಪ್ಪೆ ಬರುತ್ತೆ, ಎಲೆಗಳ ನಡುವೆ. ನೀರಿನಿಂದ ದೂರ ಅಂತ ಮಳೆಗಾಲದಲ್ಲಿ ಪೊದೆಗೆ ಹೊಡೆದರೆ ಅವುಗಳ ಮೈಮೇಲೇ ಹೊಡೆದ ಹಾಗೆ.

ಬಯಲುಸೀಮೆ ದನಗಾಹಿ

ಬಹಳ ಉಪಕಾರ. ಹಾಗಾದರೆ ಹೊಡೆಯೋ ತಿಂಗಳು ಯಾವುದು? ಜೂನ್–ಜುಲೈ ಬಿಟ್ಟರೆ ಪಾರ್ಥೇನಿಯಂ ಹೂ ಬಿಟ್ಟು ಬೀಜ ಉದುರಿಸಿರುತ್ತೆ.

ಕಳೆಶಾಸ್ತ್ರ ಧಾರವಾಡ

ಅದಕ್ಕೇ ಎರಡು ಕಳೆಗೂ ಒಂದೇ ಮದ್ದು ಹುಡುಕಬಾರದು.

ಪಾರ್ಥೇನಿಯಂ ಮೊಳೆತ ನಾಲ್ಕರಿಂದ ಆರು ವಾರಕ್ಕೆ ಹೂವು. ಜೂನ್–ಜುಲೈನಲ್ಲಿ ನೆಲ ಹಸಿ ಇದ್ದಾಗ, ಹೂ ಬರೋ ಮುಂಚೆ ಬೇರು ಸಮೇತ ಕಿತ್ತರೆ ಸಲೀಸು ಬರತದ. ಕೈಗವಸು, ತುಂಬುತೋಳು ಕಡ್ಡಾಯ, ಚರ್ಮಕ್ಕೆ ತುರಿಕೆ ಬರತದ. ಹೂ ಬಂದ ಮೇಲೆ ಕಿತ್ತರೆ ಬೀಜ ನೀವೇ ಹರಡಿದ ಹಾಗೆ. ಬ್ರಷ್ ಕಟರ್ ಹೊಡೆದರೆ ಬುಡದಿಂದ ಮತ್ತೆ ಒಡೆದು ಇನ್ನೂ ಗಿಡ್ಡದಾಗಿ ಹೂ ಬಿಡತದ, ಅದು ಉಪಯೋಗ ಇಲ್ಲ. ಗುಂಡಿಯ ಸುತ್ತ ಕೈಯಿಂದಲೇ ಕೀಳಿಸ್ರಿ. ಮೆಕ್ಸಿಕೋ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದು ಈಗ ಬಹಳ ಕಡೆ ನೆಲೆಸೇತಿ. ಮಳೆಗಾಲದಲ್ಲಿ ಎಲೆ ತಿಂದು ಜರಡಿ ಮಾಡತದ. ಅದು ಇರೋ ಕಡೆ ಔಷಧಿ ಹೊಡೆದರೆ ಹುಳದ ಊಟ ಹೋಗತದ, ಸಂತತಿ ಬೀಳತದ. ಕಿತ್ತ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಪಾರ್ಥೇನಿಯಂ ಏಳೋದು ಕಡಿಮೆ.

ಲಂಟಾನಕ್ಕೆ ಸಿಂಪಡಣೆಯೇ ಬೇಕಿಲ್ಲ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಢಿಗೆ ತಂದ ಕ್ರಮ ಅದ: ಕಿರಿದಾದ ಅಲಗಿನ ಗುದ್ದಲಿಯಿಂದ ನೆಲದಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡೋದು. ಚಿಗುರೋ ಮೊಗ್ಗು ಇರೋದು ಬೇರು-ಕಾಂಡ ಕೂಡೋ ಜಾಗದಲ್ಲಿ. ಅದಕ್ಕೇ ಮೇಲಿಂದ ಕಡಿದರೆ ನೂರು ಕವಲು ಒಡೀತದ, ಕೆಳಗಿಂದ ಕಡಿದರೆ ಇಲ್ಲ. ಕಲ್ಲುನೆಲದಲ್ಲಿ ಗುದ್ದಲಿ ಇಳೀದಿದ್ದರೆ ನೆಲದ ಮಟ್ಟದಲ್ಲಿ ಕಡಿದು, ಐದು ನಿಮಿಷದ ಒಳಗೆ ಕೂಳೆಗೆ ಬ್ರಷ್‌ನಿಂದ ಗ್ಲೈಫೊಸೇಟ್ ಹಚ್ಚೋದು, ಒಂದಕ್ಕೆ ಒಂದು ನೀರು ಬೆರೆಸಿ. ಗಾಯ ಒಣಗಿದ ಮೇಲೆ ಹಚ್ಚಿದರೆ ಒಳಗೆ ಇಳಿಯೂದಿಲ್ಲ. ಇದರಲ್ಲಿ ತೇಲೋ ಹನಿ ಇಲ್ಲ.

ಸಿಂಪಡಿಸಲೇಬೇಕಾದ ಬಹುವಾರ್ಷಿಕ ಪೊದೆಗೆ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೇದು. ಗಿಡ ಇನ್ನೂ ಹಸಿರು, ಸಕ್ಕರೆ ಬೇರಿಗೆ ಇಳಿಯೋ ಕಾಲ, ಔಷಧಿಯೂ ಅದರ ಜೊತೆ ಇಳೀತದ. ತಗ್ಗುಗಳು ಒಣಗಿ, ಗೊದಮೊಟ್ಟೆ ಕಪ್ಪೆಯಾಗಿ ಹೋಗಿರತಾವ. ಮಳೆಗಾಲದಲ್ಲಿ ಹೊಡೆದರೆ ಆರು ಗಂಟೆ ಮಳೆ ಇಲ್ಲದ ಬಿಡುವು ಬೇಕು. ಮಲೆನಾಡಲ್ಲಿ ಅದು ಸಿಗೋದೇ ಕಷ್ಟ. ತೊಳೆದುಹೋದದ್ದು ನೇರ ತಗ್ಗಿಗೇ.

ತೀರ್ಥಹಳ್ಳಿ ತೋಟ

ಔಷಧಿಯೇ ಬೇಡ, ಉಪ್ಪಿನ ನೀರು ಹೊಡೀರಿ, ನೈಸರ್ಗಿಕ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಾ ಉಂಟು. ಅದೂ ಹೇಳಿಬಿಡಿ.

ಜಲಜೀವಿ

ಪಾರ್ಥೇನಿಯಂಗೆ ಹೇಳುವ ಉಪ್ಪಿನ ದ್ರಾವಣ 15–20 ಪ್ರತಿಶತದ್ದು, ಲೀಟರಿಗೆ 150–200 ಗ್ರಾಂ. ಎಕರೆಗೆ 200 ಲೀಟರ್ ಅಂದರೆ 30–40 ಕಿಲೋ ಉಪ್ಪು. ಉಪ್ಪು ಒಡೆದು ಮಾಯವಾಗುವ ವಸ್ತುವಲ್ಲ. ಮಳೆಗೆ ಕರಗಿ ತಗ್ಗಿಗೆ ಇಳಿಯುತ್ತದೆ, ಗುಂಡಿ ಬತ್ತಿದಂತೆ ಸಾಂದ್ರವಾಗುತ್ತದೆ. ಬಹುತೇಕ ಕಪ್ಪೆಗಳ ಗೊದಮೊಟ್ಟೆಗೆ ಲೀಟರಿಗೆ ಕೆಲವು ಗ್ರಾಂ ಉಪ್ಪೇ ಮಾರಕ. ವಿನಿಗರ್-ಸೋಪು ಬೆರಕೆಯೂ ಅಷ್ಟೇ: ಅದರಲ್ಲಿ ಕೆಲಸ ಮಾಡುವುದು ಆಮ್ಲ ಮತ್ತು ಸೋಪು, ಎರಡೂ ಕಿವಿರಿಗೆ ಶತ್ರು. ನೈಸರ್ಗಿಕ ಅನ್ನುವ ಹೆಸರು ನೋಡಿ ಗುಂಡಿಯ ಪಕ್ಕ ಧಾರಾಳವಾಗಿ ಸುರಿಯುವವರಿದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳಬೇಕು.

ಸಾಯದೆ ಉಳಿದ ಗೊದಮೊಟ್ಟೆಯ ಬಗ್ಗೆಯೂ ಎರಡು ಮಾತು. ಎಲ್‌ಸಿ-50ಕ್ಕಿಂತ ಕಡಿಮೆ ಇದ್ದರೆ ಕ್ಷೇಮ ಎಂದಲ್ಲ. ಅದು ಅರ್ಧದಷ್ಟು ಸಾಯುವ ಮಟ್ಟ. ಉತ್ತರ ಅಮೆರಿಕದ ಲೆಪರ್ಡ್ ಕಪ್ಪೆಯ ಮೇಲೆ 2004ರಲ್ಲಿ ಪ್ರಕಟವಾದ ಕೆಲಸದಲ್ಲಿ ಲೀಟರಿಗೆ 0.6 ಮತ್ತು 1.8 ಮಿಲಿಗ್ರಾಂ ಮಟ್ಟದಲ್ಲಿ, ಪಿಒಇಎ ಇದ್ದ ಸೂತ್ರಗಳಲ್ಲಿ ಬೆಳೆದವು ಕಪ್ಪೆಯಾಗಲು ಹೆಚ್ಚು ದಿನ ತೆಗೆದುಕೊಂಡವು, ಗಾತ್ರ ಚಿಕ್ಕದಾಯಿತು, ಬಾಲಕ್ಕೆ ಹಾನಿಯಾಯಿತು, ಜನನಾಂಗದಲ್ಲಿ ವ್ಯತ್ಯಾಸ ಕಂಡಿತು. ನಮ್ಮ ಬಯಲುಸೀಮೆಯ ಗುಂಡಿ ಮಳೆ ಕೈಕೊಟ್ಟರೆ ಹದಿನೈದಿಪ್ಪತ್ತು ದಿನದಲ್ಲಿ ಬತ್ತುತ್ತದೆ. ಒಂದು ವಾರ ತಡವಾದರೆ ವಿಷದಿಂದ ಉಳಿದದ್ದು ಬಿಸಿಲಿಗೆ ಹೋಗುತ್ತದೆ.

ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ ಕೂಡ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಪ್ರಯೋಗಗಳಲ್ಲಿ ಪಿಒಇಎ ಇದ್ದ ಗ್ಲೈಫೊಸೇಟ್ 6.0ಕ್ಕಿಂತ 7.5ರ ನೀರಿನಲ್ಲಿ ಹೆಚ್ಚು ವಿಷವಾಗಿತ್ತು. ಇದರಿಂದ ಊಹಿಸುವುದಾದರೆ, ಜಂಬಿಟ್ಟಿಗೆ ನೆಲದ ಹುಳಿ ನೀರಿಗಿಂತ ಕರಿಮಣ್ಣಿನ ಕ್ಷಾರ ನೀರಿನಲ್ಲಿ ಹೆಚ್ಚು ಎಚ್ಚರ ಬೇಕು.

ಮೆಕ್ಕೆಜೋಳ ಹಾವೇರಿ

ಗೋಮಾಳದ ಮೇಲ್ಗಡೆ ಮೆಕ್ಕೆಜೋಳ ಇದ್ದರ ಅದಕ್ಕ ಹೊಡೆಯೋ ಕಳೆನಾಶಕ ಅಟ್ರಾಜಿನ್ ಹರಿದು ಬರೂದು ಖರೆ. ಅದರ ಬಗ್ಗೆ ಯಾರೂ ಹೇಳಲಿಲ್ಲ.

ಜಲಜೀವಿ

ಒಳ್ಳೆಯ ಪ್ರಶ್ನೆ, ಏಕೆಂದರೆ ಅದರ ದಾರಿಯೇ ಬೇರೆ. ಅಟ್ರಾಜಿನ್ ಗೊದಮೊಟ್ಟೆಯನ್ನು ಎದ್ದು ಕಾಣುವಂತೆ ಕೊಲ್ಲುವುದಿಲ್ಲ. ಅಮೆರಿಕದ ವಿಜ್ಞಾನಿ ಟೈರೋನ್ ಹೇಯ್ಸ್ 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಲೀಟರಿಗೆ 2.5 ಮೈಕ್ರೋಗ್ರಾಂ ಅಟ್ರಾಜಿನ್‌ನಲ್ಲಿ ಬೆಳೆದ ಆಫ್ರಿಕದ ಝೆನೋಪಸ್ ಕಪ್ಪೆಯ ಗಂಡುಗಳಲ್ಲಿ ಹತ್ತರಲ್ಲಿ ಒಂದು ಸಂಪೂರ್ಣ ಹೆಣ್ಣಾಗಿ ಮೊಟ್ಟೆ ಇಟ್ಟವು. ಇದನ್ನು ಒಪ್ಪದ ಪ್ರಯೋಗಾಲಯಗಳೂ ಇವೆ, ಅಮೆರಿಕದ ಪರಿಸರ ಸಂಸ್ಥೆ 2007ರಲ್ಲಿ ಜನನಾಂಗದ ಮೇಲೆ ಪರಿಣಾಮವಿಲ್ಲ ಎಂದಿತ್ತು. ಲಿಂಗದ ವಾದವನ್ನು ಬದಿಗಿಟ್ಟರೂ ಇನ್ನೊಂದು ದಾರಿ ಗಟ್ಟಿಯಾಗಿದೆ: ಅಟ್ರಾಜಿನ್ ತೇಲುವ ಪಾಚಿಯನ್ನು ಕೊಲ್ಲುತ್ತದೆ, ನೀರು ತಿಳಿಯಾಗಿ ಬೆಳಕು ತಳ ಮುಟ್ಟುತ್ತದೆ, ತಳದ ಪಾಚಿ ಹೆಚ್ಚುತ್ತದೆ, ಅದನ್ನು ಮೇಯುವ ಬಸವನಹುಳು ಹೆಚ್ಚುತ್ತದೆ, ಬಸವನಹುಳುವಿನಿಂದ ಹೊರಬರುವ ಚಪ್ಪಟೆಹುಳುಗಳು ಗೊದಮೊಟ್ಟೆಯ ಮೈಹೊಕ್ಕು ರೋಗ ತರುತ್ತವೆ. 2008ರಲ್ಲಿ ಇದನ್ನು ಲೆಪರ್ಡ್ ಕಪ್ಪೆಯಲ್ಲಿ ತೋರಿಸಲಾಯಿತು. ಸೋಸಿ ತಿನ್ನುವ ಮೈಕ್ರೋಹೈಲಾ ಮರಿಗಳಿಗೆ ಇದರ ಮೊದಲ ಹೆಜ್ಜೆಯೇ ಹಸಿವು.

ಮಾಡಬೇಕಾದ್ದು: ಜೋಳದ ಹೊಲ ಮತ್ತು ಗೋಮಾಳದ ನಡುವೆ ಆರೇಳು ಮೀಟರ್ ಹುಲ್ಲಿನ ಪಟ್ಟಿ, ಸಮಪಾತಳಿ ಬದು, ಜೋರು ಮಳೆಯ ಮುನ್ಸೂಚನೆ ಇದ್ದಾಗ ಅಟ್ರಾಜಿನ್ ಹೊಡೆಯದಿರುವುದು.

ಕಾಲುವೆ ಕೆಳಗಿನ ಗದ್ದೆ

ಭತ್ತದವರೂ ಕೇಳಿಸಿಕೊಳ್ಳಲಿ. ಬ್ಯುಟಾಕ್ಲೋರ್ 50 ಇಸಿ ಕಳೆನಾಶಕ ಎಕರೆಗೆ ಒಂದು ಲೀಟರ್ ಮರಳಲ್ಲಿ ಕಲಸಿ ಎರಚ್ತಾರೆ. 500 ಗ್ರಾಂ, ಮೇಲಿನ ಲೆಕ್ಕದಂತೆ 5 ಸೆಂ.ಮೀ. ನೀರಲ್ಲಿ ಲೀಟರಿಗೆ ಸುಮಾರು 2.5 ಮಿಲಿಗ್ರಾಂ. ತೈವಾನಿನ ಗದ್ದೆಗಪ್ಪೆಯ ಗೊದಮೊಟ್ಟೆಗೆ ಅದರ ಎಲ್‌ಸಿ-50 ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ. ಎರಚಿದ ಮೇಲೆ ಬದುವಿನ ಬಾಯಿ ಮುಚ್ಚಿ ವಾರವಾದರೂ ನೀರು ಬಿಡಬಾರದು. ಬಿಟ್ಟರೆ ಬಸಿಗಾಲುವೆಯ ಕೆಳಗಿನ ಎಲ್ಲ ಹೊಂಡಕ್ಕೂ ಹೋಗುತ್ತೆ, ಕಳೆಯೂ ಹಿಡಿಯಲ್ಲ.

ಪಶುವೈದ್ಯ

ಗೋಮಾಳದ ಗುಂಡಿಯಲ್ಲಿ ಗೊದಮೊಟ್ಟೆ ಸತ್ತು ತೇಲಿದರೆ ಕಳೆನಾಶಕವನ್ನೇ ದೂರುವ ಮುಂಚೆ ಇನ್ನೊಂದನ್ನು ನೋಡಿ: ದನದ ಮೈಗೆ ಹತ್ತುವ ಉಣ್ಣಿಯ ಔಷಧಿ. ಡೆಲ್ಟಾಮೆಥ್ರಿನ್ 1.25 ಇಸಿ ಲೀಟರಿಗೆ 2 ಮಿಲಿ ಹಾಕಿ ದನದ ಮೈ ಒರೆಸುತ್ತಾರೆ. ಅಂದರೆ ಲೀಟರಿಗೆ 25 ಮಿಲಿಗ್ರಾಂ. ಮಿಕ್ಕ ಒಂದು ಲೀಟರನ್ನು ಸಾವಿರ ಲೀಟರಿನ ಗುಂಡಿಗೆ ಸುರಿದರೆ ಲೀಟರಿಗೆ 25 ಮೈಕ್ರೋಗ್ರಾಂ. ಡೆಲ್ಟಾಮೆಥ್ರಿನ್ ಸೇರಿದ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ‌ಗಳು ನೀರಿನ ಜೀವಿಗಳನ್ನು ಮೈಕ್ರೋಗ್ರಾಂ ಲೆಕ್ಕದಲ್ಲೇ ಕೊಲ್ಲುತ್ತವೆ. ಔಷಧಿ ಹಚ್ಚಿದ ಎಮ್ಮೆಯನ್ನು ಅದೇ ದಿನ ಹೊಂಡಕ್ಕೆ ಇಳಿಸುವುದೂ ಹಾಗೆಯೇ.

ಕಳೆನಾಶಕ ಹೊಡೆದ ಜಾಗಕ್ಕೆ ದನ ಬಿಡುವ ವಿಷಯದಲ್ಲೂ ಎಚ್ಚರ. ಬಾಡುತ್ತಿರುವ ವಿಷಗಿಡಗಳನ್ನು ದನ ಕೆಲವೊಮ್ಮೆ ಹೆಚ್ಚು ತಿನ್ನುತ್ತವೆ. ಚೀಟಿಯಲ್ಲಿ ಹೇಳಿದಷ್ಟು ದಿನ, ಗಿಡ ಪೂರ್ತಿ ಒಣಗುವವರೆಗೆ, ಬೇಲಿ ಕಟ್ಟಿ.

ಮಳೆಗುಂಡಿ

ಪಶುವೈದ್ಯರ ಮಾತು ಮುಖ್ಯ. ಕಾರಣ ಹುಡುಕೋಕೆ ಗುಂಡಿಯೇ ಸುಳಿವು ಕೊಡುತ್ತೆ. ನೀರುತಿಗಣೆ, ದುಂಬಿ, ಕೊಡತಿಹುಳದ ಮರಿಗಳು ಮೊದಲು ಸತ್ತಿದ್ದರೆ ಕೀಟನಾಶಕದ ಅನುಮಾನ. ಕೀಟ, ಬಸವನಹುಳು ಆರಾಮಾಗಿದ್ದು ಗೊದಮೊಟ್ಟೆ ಮಾತ್ರ ಸತ್ತಿದ್ದರೆ ಸಾಬೂನಿನಂಶದ ಕಳೆನಾಶಕದ ಅನುಮಾನ. ರಿಲೇಯಾ ಅವರ ತೊಟ್ಟಿಗಳಲ್ಲಿ ಆದದ್ದು ಹಾಗೇ. ಬೆಳಗಿನ ಜಾವ ಎಲ್ಲವೂ ಮೇಲ್ಮೈಗೆ ಬಂದು ಬಾಯಿ ತೆರೀತಿದ್ದರೆ ಆಮ್ಲಜನಕ ಕಡಿಮೆ. ಇದೂ ಕಳೆನಾಶಕದಿಂದಲೇ ಆಗಬಹುದು: ಹೊಂಡದ ಅಂತರಗಂಗೆಗೆಲ್ಲ ಒಂದೇ ದಿನ ಹೊಡೆದರೆ ಅದು ಕೊಳೆತು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತೆ. ಅಂತರಗಂಗೆಯನ್ನ ಎಳೆದು ದಡಕ್ಕೆ ಹಾಕೋದೇ ಸರಿ.

ವಿಷ ತಗುಲಿದ ಗೊದಮೊಟ್ಟೆಯ ಲಕ್ಷಣ: ಕಡ್ಡಿಯಿಂದ ಬಾಲ ಮುಟ್ಟಿದರೆ ಚಿಮ್ಮಬೇಕು, ಚಿಮ್ಮಲ್ಲ. ಪಕ್ಕಕ್ಕೆ ವಾಲಿ ಬಿದ್ದಿರುತ್ತೆ, ಇಲ್ಲವೇ ಸುತ್ತು ಸುತ್ತಾಗಿ ಈಜುತ್ತೆ.

ಜಲಜೀವಿ

ನೀರಿನ ಮಾದರಿ ಕಳಿಸುವವರಿಗೆ: ಗ್ಲೈಫೊಸೇಟ್ ಗಾಜಿಗೆ ಅಂಟುತ್ತದೆ, ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ತೆಗೆದು, ಕತ್ತಲಲ್ಲಿ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಕಳಿಸಿ. ಒಟ್ಟು ಕೀಟನಾಶಕ ಪರೀಕ್ಷೆ ಎಂದು ಬರೆದರೆ ಸಾಮಾನ್ಯ ಬಹುಶೇಷ ವಿಧಾನದಲ್ಲಿ ಗ್ಲೈಫೊಸೇಟ್ ಸಿಗುವುದೇ ಇಲ್ಲ, ವರದಿಯಲ್ಲಿ ಏನೂ ಇಲ್ಲ ಎಂದು ಬರುತ್ತದೆ. ಗ್ಲೈಫೊಸೇಟ್ ಮತ್ತು ಅದರ ಒಡಕು ಎಎಂಪಿಎ ಎಂದು ಹೆಸರಿಸಿಯೇ ಕೇಳಬೇಕು. 2,4-ಡಿಯನ್ನೂ ಹೆಸರು ಹೇಳಿ ಕೇಳಬೇಕು. ಪಿಒಇಎಯನ್ನು ಸಾಮಾನ್ಯ ಪ್ರಯೋಗಾಲಯಗಳು ಅಳೆಯುವುದಿಲ್ಲ. ಗುಂಡಿಯ ಬಳಿಯೇ ಉಷ್ಣಾಂಶ, ಪಿಎಚ್, ಕರಗಿದ ಆಮ್ಲಜನಕ ಅಳೆದು ಬರೆದುಕೊಳ್ಳಿ. ಮೂರು ದಿನ ಬಿಟ್ಟು ಅಳೆದರೆ ಪ್ರಯೋಜನವಿಲ್ಲ.

ಬಯಲುಸೀಮೆ ದನಗಾಹಿ

ಇನ್ನು ದೂರದ ಪ್ರಶ್ನೆ ಉಳಿದಿದೆ. ಜೊತೆಗೆ, ಹೊಡೆಯೋ ಮುಂಚೆ ಗೊದಮೊಟ್ಟೆಗಳನ್ನ ಬಲೆಯಲ್ಲಿ ಹಿಡಿದು ಊರ ಕೆರೆಗೆ ಬಿಟ್ಟರೆ ಹೇಗೆ ಅಂತ ಕೆಲವರು ಕೇಳ್ತಿದ್ದಾರೆ.

ಕಳೆಶಾಸ್ತ್ರ ಧಾರವಾಡ

ದೂರ: ಸಮತಟ್ಟಾದ ಕಡೆ ನೀರಿನ ಅಂಚಿನಿಂದ 15 ಮೀಟರ್, ಗುಂಡಿಯ ಕಡೆಗೆ ಇಳಿಜಾರಿದ್ದರೆ ಮೇಲ್ಗಡೆಗೆ 30 ಮೀಟರ್. ಇದು ನನ್ನ ಅಂದಾಜಿನ ಸಲಹೆ. ಚೀಟಿಯಲ್ಲಿ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸ್ರಿ. ಒಣಗಿದ ತಗ್ಗನ್ನೂ ನೀರು ಅಂತಲೇ ಎಣಿಸ್ರಿ, ನಾಳೆ ಮಳೆ ಬಂದರೆ ಅದೇ ಗುಂಡಿ. ಬೇಸಿಗೆಯಲ್ಲೇ ಗೂಟ ಹೊಡೆದು ಬಣ್ಣದ ಬಟ್ಟೆ ಕಟ್ಟಿದರೆ ಹೊಡೆಯೋ ಕೂಲಿಯವರಿಗೂ ಗೊತ್ತಾಗತದ.

ನಾಜಲ್ ಬಗ್ಗೆ: ಕೀಟನಾಶಕದ ಹಾಲೋ ಕೋನ್ ನಾಜಲ್ ಬೇಡ, ಮಂಜಿನಂಥ ಹನಿ ತೇಲತದ. ಫ್ಲಡ್ ಜೆಟ್ ಅಥವಾ ಫ್ಲ್ಯಾಟ್ ಫ್ಯಾನ್ ಹಾಕಿ, ಒತ್ತಡ ಕಡಿಮೆ ಇಟ್ಟು, ಮೊಣಕಾಲಿನ ಎತ್ತರದಲ್ಲಿ, ನಾಜಲ್ಲಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಕಟ್ಟಿ ಹೊಡೀಬೇಕು. ಎಲೆ ಅಲುಗಾಡೋದಕ್ಕಿಂತ ಜೋರು ಗಾಳಿ ಇದ್ದರೆ ನಿಲ್ಲಿಸಬೇಕು. ಮೊದಲು ಬರೀ ನೀರು ಹಾಕಿ 5 ಮೀಟರ್ ಚೌಕದಲ್ಲಿ ಹೊಡೆದು ನೋಡ್ರಿ: 25 ಚದರ ಮೀಟರಿಗೆ ಸುಮಾರು 1.2 ಲೀಟರ್ ಖರ್ಚಾದರೆ ಎಕರೆಗೆ 200 ಲೀಟರ್ ಸರಿ. 2.4 ಆದರೆ ನೀವು ಎರಡು ಪಟ್ಟು ಸುರೀತಿದ್ದೀರಿ, ಗುಂಡಿಯ ಲೆಕ್ಕಗಳೂ ಎರಡು ಪಟ್ಟು.

ಮಳೆಗುಂಡಿ

ಗೊದಮೊಟ್ಟೆ ಸಾಗಿಸೋದು ದಯವಿಟ್ಟು ಬೇಡ. ಊರ ಕೆರೆಯಲ್ಲಿ ತಿಲಾಪಿಯಾ, ಗ್ಯಾಂಬೂಸಿಯಾ ಮೀನುಗಳಿದ್ದರೆ ಸಂಜೆಯೊಳಗೆ ತಿಂದು ಮುಗಿಸುತ್ತವೆ. ಮಳೆಗುಂಡಿಯ ಕಪ್ಪೆಗಳು ಮೀನಿಲ್ಲದ ನೀರನ್ನ ಹುಡುಕಿಯೇ ಮೊಟ್ಟೆ ಇಟ್ಟಿರೋದು. ಒಂದೇ ಬಕೆಟ್‌ಗೆ ತುಂಬಿದರೆ ಗೂಳಿಗಪ್ಪೆಯ ಮರಿಗಳು ಉಳಿದವನ್ನ ಕಡಿದು ತಿನ್ನುತ್ತವೆ. ಬಲೆ, ಬಕೆಟ್, ನೀರಿನ ಜೊತೆ ರೋಗವೂ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುತ್ತೆ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲಿ ಈಗಾಗಲೇ ಕಂಡುಬಂದಿದೆ.

ಹಿಂಗಾಲು ಮೂಡಿ, ಮುಂಗಾಲೂ ಹೊರಬಂದಿದ್ದರೆ ಇನ್ನೊಂದು ವಾರ ಹತ್ತು ದಿನ ಸಾಕು, ಅವೇ ದಡ ಹತ್ತುತ್ತವೆ. ಹತ್ತಿದ ಮೇಲೂ ಕೆಲವು ದಿನ ಗುಂಡಿಯಂಚಿನ ಹುಲ್ಲಿನಲ್ಲೇ ಇರುತ್ತವೆ, ಬೆರಳಿನ ಉಗುರಿನಷ್ಟು ಗಾತ್ರ. ಹಾಗಾಗಿ ಗುಂಡಿ ಖಾಲಿ ಕಂಡ ದಿನವೇ ಅಂಚಿಗೆ ಪಂಪು ತರಬೇಡಿ. ಹುಲ್ಲನ್ನ ಕಾಲಿಂದ ಸರಿಸಿ ನೋಡಿ, ಏನೂ ಹಾರದಿದ್ದರೆ ಆಮೇಲೆ ಯೋಚಿಸಿ.